ಕಮ್ಯುನಿಸ್ಟ್ ಆಡಳಿತ ಮುಗಿದ ಮೇಲೆ ಪೋಲೆಂಡ್ ಮುಂದೆ ಹೋಗಿ ಉಕ್ರೇನ್ ಹಿಂದುಳಿದದ್ದು, ಸರ್ಕಾರಿ ಹಿಡಿತದ ಆರ್ಥಿಕತೆಯನ್ನು ಮಾರುಕಟ್ಟೆಗೆ ಬಿಡುವ ಸುಧಾರಣೆಯ ವೇಗದಿಂದಲೇ?

ಬಹಳಮಟ್ಟಿಗೆ ಹೌದು. ಆದರೆ ಎಲ್ಲವನ್ನೂ ವೇಗಕ್ಕೇ ಕಟ್ಟಬೇಡಿ.

1990ರ ಸುಮಾರಿಗೆ ಎರಡೂ ದೇಶಗಳ ತಲಾ ಆದಾಯದಲ್ಲಿ ಅಂಥ ದೊಡ್ಡ ಅಂತರ ಇರಲಿಲ್ಲ. ಪೋಲೆಂಡಿನ ಹಣಕಾಸು ಸಚಿವ ಲೆಶೆಕ್ ಬಾಲ್ಟ್ಸೆರೊವಿಚ್ 1990ರ ಜನವರಿ 1ರಂದೇ ಹೆಚ್ಚಿನ ಸರಕುಗಳ ಬೆಲೆಯನ್ನು ಸರ್ಕಾರದ ಹಿಡಿತದಿಂದ ಬಿಟ್ಟರು, ಸಬ್ಸಿಡಿ ಕಡಿದರು. ಹೊಡೆತ ಜೋರಾಗಿಯೇ ಬಿತ್ತು. ನಿರುದ್ಯೋಗವೇ ಇಲ್ಲ ಎನ್ನುತ್ತಿದ್ದ ದೇಶದಲ್ಲಿ 1993ರ ಹೊತ್ತಿಗೆ ಅದು ಶೇ. 16ರ ಆಸುಪಾಸಿಗೆ ಬಂತು. ಆ ವರ್ಷ ಜನ ಹಳೆಯ ಕಮ್ಯುನಿಸ್ಟರ ವಾರಸುದಾರ ಪಕ್ಷವನ್ನೇ ಗೆಲ್ಲಿಸಿದರು! ಆದರೂ ಹೊಸ ಸರ್ಕಾರ ದಾರಿ ತಿರುಗಿಸಲಿಲ್ಲ. ನನಗೆ ಮುಖ್ಯ ಅನ್ನಿಸುವುದು ಇದೇ.

ಉಕ್ರೇನ್ 1991ರಲ್ಲಿ ಸ್ವತಂತ್ರವಾಯಿತು. ಹೊಸ ದೇಶವನ್ನೇ ಕಟ್ಟಬೇಕಿತ್ತು, ಹಾಗಾಗಿ ಸುಧಾರಣೆಯನ್ನು ಮುಂದೂಡಿದರು. ನೋಟು ಅಚ್ಚು ಹಾಕಿ ನಷ್ಟದ ಕಾರ್ಖಾನೆಗಳನ್ನು ಸಾಕಿದರು. 1993ರಲ್ಲಿ ಹಣದುಬ್ಬರ ಶೇ. 10,000 ದಾಟಿತು. ಹಿರಿವ್ನಿಯಾ ಎಂಬ ಸ್ವಂತ ಕರೆನ್ಸಿ ಬಂದದ್ದು 1996ರಲ್ಲಿ. ಅಷ್ಟರಲ್ಲಿ ಅರ್ಧಂಬರ್ಧ ಸುಧಾರಣೆಯ ಲಾಭ ಉಂಡವರು ಬಲಿತಿದ್ದರು. ಅವರಿಗೆ ಮುಂದಿನ ಹೆಜ್ಜೆ ಬೇಕಿರಲಿಲ್ಲ, ಅಲ್ವಾ?

ಪೋಲೆಂಡಿಗೆ ಇನ್ನೆರಡು ಅನುಕೂಲಗಳಿದ್ದವು. ಹಳೆಯ ಸಾಲದಲ್ಲಿ ದೊಡ್ಡ ಭಾಗ ಮನ್ನಾ ಆಯಿತು. ಐರೋಪ್ಯ ಒಕ್ಕೂಟ ಸೇರುವ ಆಸೆಯೂ ಇತ್ತು. 2004ರಲ್ಲಿ ಸೇರಿಯೂಬಿಟ್ಟಿತು. ಇನ್ನೊಂದು ಮಾತು, ಪೋಲೆಂಡ್ ಎಲ್ಲದರಲ್ಲೂ ಆತುರಪಡಲಿಲ್ಲ. ದೊಡ್ಡ ಸರ್ಕಾರಿ ಕಂಪನಿಗಳನ್ನು ನಿಧಾನವಾಗಿಯೇ ಮಾರಿತು.

ಸ್ಲೊವೇನಿಯಾ ಅಂತೂ ಒಟ್ಟಾರೆ ನಿಧಾನವಾಗಿಯೇ ನಡೆಯಿತು. ಆದರೂ ಹಳೆಯ ಕಮ್ಯುನಿಸ್ಟ್ ದೇಶಗಳಲ್ಲಿ ಎಲ್ಲರಿಗಿಂತ ಮೊದಲು, 2007ರಲ್ಲಿ, ಯೂರೋ ಬಳಕೆಗೆ ತಂದದ್ದು ಅದೇ.