ಸೈಟ್ ಕೆಲಸದ ಜೊತೆ ಪಿಎಂಪಿ ತಯಾರಿ ಹೇಗೆ?

ಕಲಬುರಗಿಯಲ್ಲಿ ಸೈಟ್ ಎಂಜಿನಿಯರ್ ಕೆಲಸ ಬಿಡದೆ ಪಿಎಂಪಿ, ಅಂದರೆ ಪ್ರಾಜೆಕ್ಟ್ ನಿರ್ವಹಣೆಯ ಪ್ರಮಾಣಪತ್ರದ ಪರೀಕ್ಷೆ ಬರೆಯಬಹುದೇ ಎಂದು ಕೇಳಿದ್ದೀರಿ. ಖಂಡಿತ ಬರೆಯಬಹುದು, ಆದರೆ ಮೊದಲು ಅರ್ಜಿ ನೋಡಿಕೊಳ್ಳಿ. ಬಿಇ ಆಗಿದ್ದರೆ ಪ್ರಾಜೆಕ್ಟ್ ನಡೆಸಿದ 36 ತಿಂಗಳ ಅನುಭವ ಬೇಕು. ಒಂದೇ ತಿಂಗಳಲ್ಲಿ ಎರಡು ಕಾಮಗಾರಿ ನೋಡಿಕೊಂಡಿದ್ದರೂ ಲೆಕ್ಕಕ್ಕೆ ಅದು ಒಂದೇ ತಿಂಗಳು. ಜೊತೆಗೆ ಪ್ರಾಜೆಕ್ಟ್ ನಿರ್ವಹಣೆಯಲ್ಲಿ 35 ಗಂಟೆಯ ತರಬೇತಿ; ಸ್ವಂತ ಓದು ಇದಕ್ಕೆ ಸೇರುವುದಿಲ್ಲ. ಅರ್ಜಿಯ ಹೆಸರು ಪಾಸ್‌ಪೋರ್ಟ್‌ನಲ್ಲಿ ಇದ್ದಂತೆಯೇ ಇರಲಿ. ನಮ್ಮ ಇನಿಷಿಯಲ್ ಗೊಂದಲ ಪರೀಕ್ಷೆಯ ದಿನ ಬಾಗಿಲಲ್ಲೇ ತಡೆಯುತ್ತದೆ.

ಪರೀಕ್ಷೆಯಲ್ಲಿ ಬರುವ ಸೂತ್ರಗಳು ಸುಲಭ. ಆಳಂದ ರಸ್ತೆಯ ಕಾಮಗಾರಿಯೊಂದರಲ್ಲಿ ಇವತ್ತಿಗೆ 40 ಲಕ್ಷದ ಕೆಲಸ ಆಗಬೇಕಿತ್ತು, ಆದದ್ದು 30 ಲಕ್ಷದ್ದು, ಖರ್ಚು 36 ಲಕ್ಷ ಎನ್ನಿ. 30ನ್ನು 40ರಿಂದ ಭಾಗಿಸಿದರೆ 0.75; ಒಂದಕ್ಕಿಂತ ಕಡಿಮೆ, ಅಂದರೆ ಕೆಲಸ ಹಿಂದೆ ಬಿದ್ದಿದೆ. ಅದೇ 30ನ್ನು 36ರಿಂದ ಭಾಗಿಸಿದರೆ 0.83, ಖರ್ಚು ಮೀರಿದೆ.

ಸೈಟಿನವರು ಎಡವುವುದು ಸನ್ನಿವೇಶದ ಪ್ರಶ್ನೆಗಳಲ್ಲಿ. ಗುತ್ತಿಗೆದಾರ ತಡಮಾಡಿದರೆ ನಾವು ತಕ್ಷಣ ಸಾಹೇಬರಿಗೆ ಫೋನ್ ಹಚ್ಚುತ್ತೇವೆ. ಪರೀಕ್ಷೆಗೆ ಬೇಕಾದದ್ದು ಮೊದಲು ಕಾರಣ, ನಂತರ ಪರಿಣಾಮದ ಅಂದಾಜು, ಆಮೇಲೆ ಕ್ರಮ. ಅಣಕು ಪರೀಕ್ಷೆಯಲ್ಲಿ ತಪ್ಪಿದ ಪ್ರತಿ ಪ್ರಶ್ನೆಗೂ ಸರಿಯುತ್ತರ ಯಾಕೆ ಸರಿ ಎಂದು ಒಂದು ಸಾಲು ಬರೆದಿಡಿ.

ಮನೆಯಿಂದಲೇ ಬರೆಯುವುದಾದರೆ ವೈಫೈ ರೂಟರ್‌ಗೂ ಯುಪಿಎಸ್ ಇರಲಿ. ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತದೆ, ಆದರೆ ಇಂಟರ್ನೆಟ್ ಕಡಿದು ಪರೀಕ್ಷೆ ನಿಲ್ಲುತ್ತದೆ.