ಕಿವಿ ಕೇಳಿಸದ ತಂಗಿಯನ್ನು ಕೆಫೆ ಕೆಲಸಕ್ಕೆ ಕಳಿಸಬಹುದಾ?

ತಂಗಿಗೆ 22 ವರ್ಷ, ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಅಂಗವಿಕಲರನ್ನೇ ಇಟ್ಟುಕೊಂಡು ನಡೆಸುವ ಒಂದು ಕೆಫೆ ಕೆಲಸಕ್ಕೆ ಕರೆದಿದೆ. ಅಮ್ಮ ಬೇಡ ಅನ್ನುತ್ತಿದ್ದಾರೆ. "ಇದು ನಿಜವಾದ ಕೆಲಸಾನಾ, ಇಲ್ಲಾ ಕನಿಕರಕ್ಕೆ ಕೂರಿಸಿಕೊಳ್ಳುತ್ತಾರಾ?" ಎಂದು ಕೇಳಿದ್ದೀರಿ.

ಎರಡೂ ಥರದವು ಇವೆ. ನನ್ನ ಬಲಗಾಲಿಗೆ ಪೋಲಿಯೋ. ಎರಡೂ ಕಡೆ ದುಡಿದಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಇದ್ದದ್ದು ಪೇಪರ್ ಕವರ್ ಮಾಡಿಸುವ ಒಂದು ಸಂಸ್ಥೆಯಲ್ಲಿ. ಹೆಸರು ಬೇಡ ಬಿಡಿ. ಅಲ್ಲಿ ತಿಂಗಳ ಕೊನೆಗೆ ಕೊಡುವ ದುಡ್ಡಿಗೆ ಸಂಬಳ ಎನ್ನುತ್ತಿರಲಿಲ್ಲ, "ಗೌರವಧನ" ಎನ್ನುತ್ತಿದ್ದರು. ಪಿಎಫ್ ಇಲ್ಲ. ದಾನಿಗಳು ಬರುವ ದಿನ ಮಾತ್ರ ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟ್. ಒಮ್ಮೆ ಒಬ್ಬರು ಮಗನ ಹುಟ್ಟುಹಬ್ಬಕ್ಕೆಂದು ಜಿಲೇಬಿ ತಂದರು. ನನ್ನ ಎರಡೂ ಕೈ ಗೋಂದು. ಕೈ ತೊಳೆದು ಬರುತ್ತೇನೆ ಅಂದೆ. ಕೇಳಲಿಲ್ಲ, ಬಾಯಿಗೇ ಇಟ್ಟು ಫೋಟೋ ತೆಗೆಸಿಕೊಂಡರು. ನನಗಾಗ 27 ವರ್ಷ.

ಈಗ ಬೆಂಗಳೂರಿನಲ್ಲಿ ಅರ್ಜಿಗಳ ವಿವರ ಕಂಪ್ಯೂಟರ್‌ಗೆ ಏರಿಸುವ ಕೆಲಸ. ಪಕ್ಕದ ಸೀಟಿನವಳಿಗೆ ನಿಮ್ಮ ತಂಗಿಯ ಹಾಗೇ ಕಿವಿ ಕೇಳಿಸುವುದಿಲ್ಲ. ಟೇಬಲ್ ಎರಡು ಸಲ ತಟ್ಟಿದರೆ ತಿರುಗುತ್ತಾಳೆ. ದೂರ ಇದ್ದರೆ ಟ್ಯೂಬ್‌ಲೈಟ್ ಸ್ವಿಚ್ ಒಮ್ಮೆ ಆಫ್ ಮಾಡಿ ಆನ್ ಮಾಡಿದರಾಯ್ತು. ನಮಗೆಲ್ಲ ಅವಳು ಸನ್ನೆಯ ಹೆಸರು ಇಟ್ಟಿದ್ದಾಳೆ, ನನ್ನದು ಮೀಸೆ ತಿರುವುವುದು. ಕಳೆದ ತಿಂಗಳು ಒಂದು ಕಟ್ಟು ಅರ್ಜಿಯಲ್ಲಿ ಪಿನ್‌ಕೋಡ್ ಎಲ್ಲ ತಪ್ಪು ಹಾಕಿದ್ದಳು. ಟೀಮ್ ಲೀಡರ್ ಬಂದು ಸನ್ನೆಯಲ್ಲೇ ಸರಿಯಾಗಿ ಬೈದು, ಅಷ್ಟನ್ನೂ ಮತ್ತೆ ಮಾಡಿಸಿದರು. ಮೊದಲಿನ ಜಾಗದಲ್ಲಿ ನಮ್ಮನ್ನು ಯಾರೂ ಬೈಯುತ್ತಿರಲಿಲ್ಲ. ಕವರ್ ಸೊಟ್ಟಗಿದ್ದರೂ "ಪಾಪ, ಇರಲಿ" ಅಷ್ಟೇ.

ಅಮ್ಮನಿಗೆ ಹೇಳಿ, ಇದೇನೂ ನಿನ್ನೆ ಮೊನ್ನೆ ಶುರುವಾದದ್ದಲ್ಲ. ಎನ್.ಎಸ್. ಹೇಮಾ ಬೆಂಗಳೂರಿನಲ್ಲಿ ಅಂಗವಿಕಲರಿಗಾಗಿ ಎಪಿಡಿ ಸಂಸ್ಥೆ ಕಟ್ಟಿದ್ದು 1959ರಲ್ಲಿ. ಅವರೇ ವೀಲ್‌ಚೇರ್‌ನಲ್ಲಿ ಇದ್ದವರು. 2006ರಲ್ಲಿ ಪವಿತ್ರಾ ಅವರು ಶುರು ಮಾಡಿದ ವಿಂಧ್ಯಾ ಕಂಪನಿಯಲ್ಲಿ ಜಾಸ್ತಿ ಜನ ಅಂಗವಿಕಲರೇ, ಅದು ದುಡಿದು ಲಾಭ ಮಾಡಲೆಂದೇ ಇರುವ ಬಿಪಿಒ, ಅಂದರೆ ಬೇರೆ ಕಂಪನಿಗಳ ಕೆಲಸ ಮಾಡಿಕೊಡುವ ಕಂಪನಿ. (ನಾನು ಇರುವುದು ಅಲ್ಲಲ್ಲ.) ಕೆಫೆ ಅಂದರೆ ಎಲ್ಲರಿಗೂ ಗೊತ್ತಿರುವುದು ಮಿಟ್ಟಿ ಕೆಫೆ. ಅಲೀನಾ ಆಲಂ ಅದನ್ನು 2017ರಲ್ಲಿ ಶುರು ಮಾಡಿದ್ದು ನಮ್ಮ ಹುಬ್ಬಳ್ಳಿಯಲ್ಲಿ. 2023ರಲ್ಲಿ ಸುಪ್ರೀಂ ಕೋರ್ಟ್ ಆವರಣದಲ್ಲೂ ಒಂದು ತೆರೆಯಿತು.

ನಿಮ್ಮ ಕೆಫೆ ಹೇಗೆ ಅಂತ ತಿಳಿಯಬೇಕಾದರೆ ಸುಮ್ನೆ ಹೋಗಿ ಒಂದು ಟೀ ಕುಡಿಯಿರಿ. ಗಲ್ಲಾದಲ್ಲಿ ಯಾರು ಕೂತಿದ್ದಾರೆ ನೋಡಿ. ಲೋಟ ತೊಳೆಯುವವರೆಲ್ಲ ಅಂಗವಿಕಲರು, ದುಡ್ಡು ಎಣಿಸುವವರು ಮಾತ್ರ ಬೇರೆ ಅಂದರೆ ಅಲ್ಲೇ ಅರ್ಥವಾಗುತ್ತದೆ. ಮೂರು ವರ್ಷದ ಹಿಂದೆ ಸೇರಿದವರು ಈಗ ಏನು ಮಾಡುತ್ತಿದ್ದಾರೆ ಕೇಳಿ. ಮ್ಯಾನೇಜರ್‌ಗೆ ಸನ್ನೆ ಭಾಷೆ ಬರುತ್ತದಾ? ಬರದಿದ್ದರೆ ತಂಗಿಗೆ ಮೈ ಹುಷಾರಿಲ್ಲದ ದಿನ ಯಾರಿಗೆ ಹೇಳಬೇಕು?

ಆಮೇಲೆ ಪೇ ಸ್ಲಿಪ್. ನಾಚಿಕೆ ಬೇಡ, ಒಂದು ಮಾದರಿ ತೋರಿಸಿ ಅನ್ನಿ. ಪಿಎಫ್, ಇಎಸ್‌ಐ (ನೌಕರರ ಆರೋಗ್ಯ ವಿಮೆ) ಎರಡೂ ಇದೆಯಾ ನೋಡಿ. ಇಎಸ್‌ಐಗೆ ಉಳಿದವರಿಗೆ ತಿಂಗಳಿಗೆ 21,000 ರೂಪಾಯಿ ಸಂಬಳದ ಮಿತಿ, ನಮಗೆ 25,000. ಇದು ಎಷ್ಟೋ ಕಡೆ ಲೆಕ್ಕ ಬರೆಯುವವರಿಗೇ ನೆನಪಿರುವುದಿಲ್ಲ. ಕೆಫೆ ಬೇರೆ ಯಾವುದೋ ಕಂಪನಿಯ ಜಾಗದಲ್ಲಿದ್ದರೆ, ಆ ಕಂಪನಿ ನಾಳೆ ಜಾಗ ಬಿಡಿ ಅಂದರೆ ಹುಡುಗರನ್ನು ಎಲ್ಲಿಗೆ ಕಳಿಸುತ್ತೀರಿ ಎಂದೂ ಕೇಳಿ.

"ಅಂಗವಿಕಲರನ್ನೆಲ್ಲ ಒಂದೇ ಕಡೆ ಸೇರಿಸುವುದು ಸರಿಯಲ್ಲ, ಎಲ್ಲರ ಜೊತೆ ಮಾಮೂಲಿ ಕಂಪನಿಯಲ್ಲೇ ಇರಬೇಕು" ಎಂದು ವಾದಿಸುವವರಿದ್ದಾರೆ. ಅರ್ಧ ಒಪ್ಪುತ್ತೇನೆ. ಆದರೆ ಮಾಮೂಲಿ ಕಂಪನಿಯವರು "ಅನುಭವ ಎಷ್ಟು?" ಅಂತಾರಲ್ಲ, ಆ ಅನುಭವ ಎಲ್ಲಿಂದ ತರೋಣ? ಎರಡು ವರ್ಷ ಇಲ್ಲಿ ದುಡಿದು ಆಮೇಲೆ ಆ ಕಡೆ ಹೋಗಲಿ. ಜೊತೆಗೆ ಸರ್ಕಾರಿ ಪರೀಕ್ಷೆಗೂ ಓದಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಸರ್ಕಾರಿ ಕೆಲಸದಲ್ಲಿ ಅಂಗವಿಕಲರಿಗೆ 4% ಮೀಸಲಾತಿ ಇದೆ, ಅದರಲ್ಲಿ ಕಿವಿ ಕೇಳಿಸದವರಿಗೂ ಪಾಲಿದೆ. ಅಂಗವೈಕಲ್ಯ 40% ಅಥವಾ ಅದಕ್ಕಿಂತ ಜಾಸ್ತಿ ಎಂಬ ಸರ್ಟಿಫಿಕೇಟ್ ಬೇಕು. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಇನ್ನೂ ಮಾಡಿಸಿಲ್ಲದಿದ್ದರೆ ಮೊದಲು ಆ ಕೆಲಸ ಮುಗಿಸಿ.

ಇನ್ನೊಂದು ಮಾತು. ನಿಮ್ಮ ಪ್ರಶ್ನೆಯಲ್ಲಿ ಅಮ್ಮ ಏನಂದರು ಅಂತ ಇದೆ, ಚಿಕ್ಕಪ್ಪ ಏನಂದರು ಅಂತ ಇದೆ. ತಂಗಿ ಏನಂದಳು ಅಂತ ಎಲ್ಲೂ ಇಲ್ಲ. ಟೀ ಕುಡಿಯಲು ಹೋಗುವಾಗ ಅವಳನ್ನೂ ಕರೆದುಕೊಂಡು ಹೋಗಿ. ನೀವು ಬೇರೆ ಟೇಬಲ್‌ನಲ್ಲಿ ಕೂತುಬಿಡಿ, ಅಲ್ಲಿಯ ಹುಡುಗಿಯರ ಜೊತೆ ಅವಳೇ ಮಾತಾಡಿಕೊಳ್ಳಲಿ.