ನಿದ್ದೆಯ ಸಂಶೋಧನೆಗೆ 3 ಟೆಸ್ಲಾ ಲ್ಯಾಬೋ, 7 ಟೆಸ್ಲಾ ಲ್ಯಾಬೋ? ಇಇಜಿ ಕಲಿಯಲೇಬೇಕಾ?

ನಿದ್ದೆಯ ಸಂಶೋಧನೆಗೆ ಯಾವ ಲ್ಯಾಬ್ ಸೇರಲಿ ಅನ್ನುವುದರ ಜೊತೆಗೆ "ಇಇಜಿ ಹಳೇ ಕಾಲದ್ದಲ್ವಾ, ಬಿಟ್ಟರೆ ಆಗಲ್ವಾ?" ಅಂತಲೂ ಕೇಳಿದ್ದೀರಿ. ಇಇಜಿ ಅಂದರೆ ತಲೆಗೆ ಎಲೆಕ್ಟ್ರೋಡ್ ಇಟ್ಟು ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವುದು. ಇದೇ ಮಾತನ್ನು ನಾನು ನನ್ನ ಗೈಡ್ ಎದುರು ಆಡಿದ್ದೆ. ಅದಕ್ಕೆ ಪಿಎಚ್‌ಡಿಯ ಒಂದೂವರೆ ವರ್ಷ ತೆತ್ತೆ.

ನನ್ನ ವಿಷಯ ನಿದ್ದೆಗೆಡುವುದು. ಒಂದು ಗುಂಪು ಚೆನ್ನಾಗಿ ಮಲಗೆದ್ದು ಬಂದವರು, ಇನ್ನೊಂದು ರಾತ್ರಿಯಿಡೀ ಎಚ್ಚರ ಇದ್ದವರು. ಇಬ್ಬರನ್ನೂ 3 ಟೆಸ್ಲಾ ಸ್ಕ್ಯಾನರ್‌ನಲ್ಲಿ (ಟೆಸ್ಲಾ ಅಂದರೆ ಕಾಂತಕ್ಷೇತ್ರದ ಬಲದ ಅಳತೆ) ಹತ್ತು ನಿಮಿಷ ಸುಮ್ನೆ ಮಲಗಿಸಿ ಎಫ್‌ಎಂಆರ್‌ಐ, ಅಂದರೆ ಮೆದುಳಿನ ಚಟುವಟಿಕೆಯ ಸ್ಕ್ಯಾನ್, ತೆಗೆಯುವುದು. "ಕಣ್ಣು ಮುಚ್ಚಿಕೊಳ್ಳಿ, ಆದರೆ ನಿದ್ದೆ ಮಾಡಬೇಡಿ" ಅಂತ ಮೈಕ್‌ನಲ್ಲಿ ಹೇಳುತ್ತಿದ್ದೆ. ಇಇಜಿ ಟೋಪಿ ಹಾಕಬೇಕೆಂದರೆ ತಲೆಗೆಲ್ಲ ಜೆಲ್ ಹಚ್ಚಿ, ಒಂದೊಂದೇ ಎಲೆಕ್ಟ್ರೋಡ್ ಸರಿಮಾಡುತ್ತಾ ಕೂರಬೇಕು. ಯಾರಿಗೆ ಬೇಕು ಆ ರಗಳೆ ಅಂತ ಬಿಟ್ಟುಬಿಟ್ಟೆ.

ಫಲಿತಾಂಶ ನೋಡಿದ ದಿನ ಕುಣಿಯುವುದೊಂದು ಬಾಕಿ. ನಿದ್ದೆಗೆಟ್ಟವರಲ್ಲಿ ಥಲಾಮಸ್‌ಗೂ (ಮೆದುಳಿನ ನಡುವಿನ ಭಾಗ) ಕಾರ್ಟೆಕ್ಸ್‌ಗೂ (ಮೆದುಳಿನ ಹೊರಪದರ) ಇರುವ ಹೊಂದಾಣಿಕೆ ಎದ್ದು ಕಾಣುವಷ್ಟು ಕಡಿಮೆಯಾಗಿತ್ತು. ಪೇಪರ್‌ಗೆ ತಲೆಬರಹವನ್ನೂ ಬರೆದಿಟ್ಟೆ.

ಆಮೇಲೊಂದು ದಿನ, ಒಬ್ಬ ಹುಡುಗನ ಫೈಲ್‌ನಲ್ಲಿ ತಲೆ ಅಲುಗಾಟ ಜಾಸ್ತಿ ಇದೆಯಲ್ಲ ಅಂತ ಅವನ ಎದೆಗೆ ಕಟ್ಟಿದ್ದ ಬೆಲ್ಟ್‌ನ ಉಸಿರಾಟದ ಗೆರೆ ತೆಗೆದು ನೋಡಿದೆ. ಮೊದಲ ಮೂರು ನಿಮಿಷ ಏರಿಳಿತ ಹೇಗೆಹೇಗೋ ಇದೆ. ನಾಲ್ಕನೆಯ ನಿಮಿಷಕ್ಕೆ ಗೆರೆ ಸಮವಾಗಿ, ನಿಧಾನವಾಗಿ, ತೊಟ್ಟಿಲು ತೂಗಿದ ಹಾಗೆ. ಏಳನೆಯ ನಿಮಿಷದಲ್ಲಿ ಒಂದು ದೊಡ್ಡ ಉಸಿರು, ಅದೇ ಕ್ಷಣಕ್ಕೆ ತಲೆ ಬೆಚ್ಚಿಬಿದ್ದಿದೆ. ಅವನನ್ನು ಹೊರಗೆ ತೆಗೆದಾಗ ನಾನು ಕೇಳಿದ್ದೆ, "ನಿದ್ದೆ ಬಂತಾ?" "ಇಲ್ಲಪ್ಪ, ಸುಮ್ನೆ ಕಣ್ಣು ಮುಚ್ಚಿದ್ದೆ" ಅಂದಿದ್ದ. ಸುಳ್ಳು ಹೇಳಿದ್ದಲ್ಲ. ಹಗುರ ನಿದ್ದೆಯಿಂದ ಎಬ್ಬಿಸಿದರೆ ಎಷ್ಟೋ ಜನ "ನಾನು ಎಚ್ಚರವಾಗೇ ಇದ್ದೆ" ಅಂತಲೇ ನಂಬಿರುತ್ತಾರೆ.

ನನ್ನ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿದ್ದೆಗೆಟ್ಟ ಮೆದುಳು ಬೇರೆ, ನಿದ್ದೆ ಹೋದ ಮೆದುಳು ಬೇರೆ. ಎಫ್‌ಎಂಆರ್‌ಐ ನೋಡುವುದು ರಕ್ತದ ಆಮ್ಲಜನಕವನ್ನು, ಅದೂ ಕೆಲವು ಸೆಕೆಂಡ್ ತಡವಾಗಿ. ಒಳಗಿರುವವರು ಎಚ್ಚರವೋ ನಿದ್ದೆಯೋ ಅಂತ ಅದು ತಾನಾಗಿ ಹೇಳಲ್ಲ. ಥಲಾಮಸ್‌ಗೂ ಕಾರ್ಟೆಕ್ಸ್‌ಗೂ ಇರುವ ನಂಟು ಸಡಿಲವಾಗುವುದು ನಿದ್ದೆ ಹತ್ತುವಾಗ. ರಾತ್ರಿಯಿಡೀ ಎದ್ದಿದ್ದವರು ಕಣ್ಣು ಮುಚ್ಚಿ ಮಲಗಿದರೆ ಸ್ಕ್ಯಾನರ್‌ನ ಆ ಗದ್ದಲದಲ್ಲೂ ನಿದ್ದೆ ಹೋಗುತ್ತಾರೆ. ಅಂದರೆ ನನ್ನ ಮಹಾ ಶೋಧ ಏನು? ನಿದ್ದೆಗೆಟ್ಟವರಿಗೆ ನಿದ್ದೆ ಬರುತ್ತೆ! ಇದನ್ನು ಹೇಳಲು ಸ್ಕ್ಯಾನರ್ ಬೇಕಿರಲಿಲ್ಲ, ನಮ್ಮಜ್ಜಿ ಸಾಕಿತ್ತು. ನಿದ್ದೆ ಹೋದವರನ್ನು ತೆಗೆದುಹಾಕಿ ಉಳಿದವರನ್ನು ನೋಡೋಣ ಅಂದರೆ, ಯಾರು ಯಾವ ನಿಮಿಷದಲ್ಲಿ ನಿದ್ದೆ ಹೋದರು ಅಂತ ತಿಳಿಯುವ ದಾರಿಯೇ ಇಲ್ಲ. ಉಸಿರಾಟದ ಗೆರೆ ಸುಳಿವು ಕೊಡುತ್ತೆ, ಸಾಕ್ಷಿ ಹೇಳಲ್ಲ. ಇನ್ನೂ ನಾಚಿಕೆಗೇಡು ಅಂದರೆ, ಇಂಥ ಸ್ಕ್ಯಾನ್‌ಗಳಲ್ಲಿ ಮೂರೇ ನಿಮಿಷದೊಳಗೆ ಸುಮಾರು ಮೂರನೇ ಒಂದರಷ್ಟು ಜನ ಎಚ್ಚರ ತಪ್ಪುತ್ತಾರೆ ಅಂತ ಟಾಲಿಯಾಜುಕ್ಕಿ ಮತ್ತು ಲಾಫ್ಸ್ ಅನ್ನುವ ಸಂಶೋಧಕರು 2014ರಲ್ಲೇ ಬರೆದಿದ್ದರು. ಅವರು ನೋಡಿದ್ದು ಸಾವಿರಕ್ಕೂ ಹೆಚ್ಚು ಜನರ ಡೇಟಾ, ಅದೂ ನಿದ್ದೆಗೆಡದ ಸಾಮಾನ್ಯ ಜನರದ್ದು. ಆ ಪೇಪರ್ ನನ್ನ ಉಲ್ಲೇಖಗಳ ಪಟ್ಟಿಯಲ್ಲಿತ್ತು. ತಲೆಬರಹದಾಚೆ ಓದಿರಲಿಲ್ಲ, ಅಷ್ಟೇ.

ಹಾಗಾಗಿ 3 ಟೆಸ್ಲಾನಾ 7 ಟೆಸ್ಲಾನಾ ಅನ್ನುವುದು ಪ್ರಶ್ನೆಯೇ ಅಲ್ಲ. ಸ್ಕ್ಯಾನರ್ ಒಳಗೆ ಚೆನ್ನಾಗಿ ಇಇಜಿ ತೆಗೆಯಬಲ್ಲವರು ಯಾವ ಲ್ಯಾಬ್‌ನಲ್ಲಿದ್ದಾರೋ ಅಲ್ಲಿಗೆ ಹೋಗಿ. ನಿದ್ದೆಯ ಕೆಲಸಕ್ಕೆ 7 ಟೆಸ್ಲಾ ತೊಂದರೆಯನ್ನೂ ತರುತ್ತೆ. ಹೃದಯ ಬಡಿದಾಗಲೆಲ್ಲ ತಲೆ, ವೈರ್ ಕೂದಲೆಳೆಯಷ್ಟು ಅಲುಗುತ್ತವೆ. ಆ ಅಲುಗಾಟವೇ ಕಾಂತಕ್ಷೇತ್ರದೊಳಗೆ ವೋಲ್ಟೇಜ್ ಹುಟ್ಟಿಸಿ ಇಇಜಿಯನ್ನು ಕೆಡಿಸುತ್ತೆ. ಕ್ಷೇತ್ರ ಜೋರಾದಷ್ಟೂ ಕಾಟ ಜೋರು. ಚಿತ್ರ ತೆಗೆಯುವಾಗ ಸ್ಕ್ಯಾನರ್ ಕಾಂತಕ್ಷೇತ್ರವನ್ನು ಸರಸರನೆ ಬದಲಿಸುವುದರಿಂದ ಇಇಜಿಯಲ್ಲಿ ಏಳುವ ಗ್ರೇಡಿಯೆಂಟ್ ಗದ್ದಲ ಇದಕ್ಕಿಂತ ಎಷ್ಟೋ ದೊಡ್ಡದು, ಆದರೆ ಪ್ರತಿ ಸಲ ಒಂದೇ ರೀತಿ ಬರುವುದರಿಂದ ಕಳೆದುಬಿಡಬಹುದು. ಸ್ಕ್ಯಾನರ್, ಇಇಜಿ ಎರಡೂ ಯಂತ್ರಗಳ ಗಡಿಯಾರ ಮಾತ್ರ ಒಂದಕ್ಕೊಂದು ತಾಳೆಯಾಗಿರಬೇಕು. ನಾಡಿಬಡಿತ ಹಾಗಲ್ಲ, ಒಂದರಂತೆ ಇನ್ನೊಂದಿಲ್ಲ. ನಮ್ಮ ಕಣ್ಣೀರಿಳಿಸುವುದು ಅದೇ.

ಇಇಜಿ ಹಳೆಯದು ನಿಜ. ಹ್ಯಾನ್ಸ್ ಬರ್ಗರ್ ಮೊದಲು ಮನುಷ್ಯರ ಇಇಜಿ ತೆಗೆದದ್ದು 1924ರಲ್ಲಿ. ಆದರೆ ನಿದ್ದೆಯ ಹಂತಗಳನ್ನು ಇವತ್ತಿಗೂ ಮುಖ್ಯವಾಗಿ ಗುರುತಿಸುವುದು ಅದರಿಂದಲೇ. ಗಾಢ ನಿದ್ದೆಯಲ್ಲಿ ಮೆದುಳಿನ ದ್ರವ ಅಲೆ ಅಲೆಯಾಗಿ ಒಳನುಗ್ಗುತ್ತೆ ಅಂತ 2019ರಲ್ಲಿ ಸಂಶೋಧಕಿ ಲಾರಾ ಲೂಯಿಸ್ ತಂಡ ತೋರಿಸಿತು. ಅಲ್ಲೂ ಸ್ಕ್ಯಾನರ್ ಜೊತೆ ಇಇಜಿ ಇದ್ದದ್ದಕ್ಕೇ ಮೊದಲು ಇಇಜಿಯ ನಿಧಾನ ಅಲೆ, ಆಮೇಲೆ ರಕ್ತದ ಏರಿಳಿತ, ಅದರ ಬೆನ್ನಿಗೆ ದ್ರವ ಅನ್ನುವ ಕ್ರಮ ಕಂಡಿದ್ದು.

ಲ್ಯಾಬ್‌ಗೆ ಭೇಟಿ ಕೊಟ್ಟಾಗ ಸ್ಕ್ಯಾನರ್ ತೋರಿಸಿ ಅನ್ನಬೇಡಿ. ಒಂದು ರಾತ್ರಿಯ ಇಇಜಿ ಫೈಲ್ ಕೊಡಿ ಅಂತ ಕೇಳಿ. 30 ಸೆಕೆಂಡ್‌ಗೆ ಒಂದು ಪುಟ, ಎಂಟು ಗಂಟೆಗೆ 960 ಪುಟ. ಅಷ್ಟಕ್ಕೂ ನೀವೇ ಕೂತು ಹಂತ ಗುರುತು ಹಾಕಿ, ಆಮೇಲೆ ಅಲ್ಲಿನ ಟೆಕ್ನಿಷಿಯನ್ ಹಾಕಿದ್ದರ ಜೊತೆ ಇಟ್ಟು ನೋಡಿ. ನನ್ನ ಮೊದಲ ಫೈಲ್ ಮುಗಿಯಲು ಎರಡು ದಿನ ಹಿಡಿಯಿತು. ಅದರಲ್ಲೂ ಎಚ್ಚರಕ್ಕೂ ಹಗುರ ನಿದ್ದೆಗೂ ನಡುವಿನ ಪುಟಗಳಲ್ಲೇ ಹೆಚ್ಚು ತಪ್ಪಿದ್ದೆ.